ಕೊಟ್ಟಿಗೆಯ ಬಾಗಿಲಿಗೊಂದು ಕಾನೂನು

ಕಾಲುಬಾಯಿ ರೋಗದ ವೈರಾಣು ಹಸುವಿನ ನಾಲಿಗೆಯ ಮೇಲೆ ಗುಳ್ಳೆ ಏಳುವ ಮೊದಲೇ ಅದರ ಹಾಲಿನಲ್ಲೂ ಜೊಲ್ಲಿನಲ್ಲೂ ಹೊರಬೀಳತೊಡಗುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 14 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಆ ಹಸುವಿನ ಹಾಲು ಡೇರಿಗೆ ಹೋಗಿರುತ್ತದೆ, ಜೊತೆಯ ಕರು ಪಕ್ಕದೂರಿನವರ ಪಾಲಾಗಿರುತ್ತದೆ, ಹಾಲು ಕರೆದ ಕೈ ಇನ್ನೊಂದು ಮನೆಯ ಹಸುವಿನ ಕೆಚ್ಚಲನ್ನೂ ಮುಟ್ಟಿರುತ್ತದೆ. ದನ ಸಾಕುವ ಜಾಗಕ್ಕೆ ಸರ್ಕಾರಗಳು ನಿಯಮ ಹಾಕಬೇಕಾಗಿ ಬಂದದ್ದು ಈ ಕಾರಣದಿಂದಲೇ. ಕಾಯಿಲೆ ಕಂಡ ಮೇಲಿನ ಚಿಕಿತ್ಸೆ ಆ ಒಂದು ದನವನ್ನು ಉಳಿಸಬಹುದು. ಊರಿನ ಉಳಿದ ದನಗಳ ಗತಿ ಮಾತ್ರ ಕಾಯಿಲೆ ಕಾಣುವ ಮುಂಚಿನ ದಿನಗಳಲ್ಲಿ ಕೊಟ್ಟಿಗೆಗೆ ಯಾರು ಬಂದರು, ಅಲ್ಲಿಂದ ಏನು ಹೊರಗೆ ಹೋಯಿತು ಎಂಬುದರ ಮೇಲೆ ನಿಂತಿರುತ್ತದೆ.

ಎಲ್ಲ ರೋಗಗಳೂ ಒಂದೇ ದಾರಿ ಹಿಡಿಯುವುದಿಲ್ಲ, ಹಾಗಾಗಿ ಒಂದೇ ನಿಯಮ ಎಲ್ಲಕ್ಕೂ ಒದಗುವುದಿಲ್ಲ. ಕಾಲುಬಾಯಿ ರೋಗಕ್ಕೆ ಉಸಿರು, ಜೊಲ್ಲು, ಚಪ್ಪಲಿ, ಟೆಂಪೊದ ಹಲಗೆ, ಹುಲ್ಲಿನ ಹೊರೆ ಯಾವುದಾದರೂ ಸಾಕು. ಚರ್ಮಗಂಟು ರೋಗಕ್ಕೆ ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳ ನೆರವು ಬೇಕು. ಅಲ್ಲಿ ಬಾಗಿಲ ಬೀಗಕ್ಕಿಂತ ತಿಪ್ಪೆ ಎಷ್ಟು ದೂರವಿದೆ, ಗಂಜಲ ಎಲ್ಲಿ ಮಡುಗಟ್ಟುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಬ್ರುಸೆಲ್ಲೋಸಿಸ್ ಎಂಬ ಕಂದು ರೋಗ ಹರಡುವುದು ಗಬ್ಬದ ಹಸು ಕಂದು ಹಾಕಿದಾಗ ಬೀಳುವ ಮಾಸು ಮತ್ತು ದ್ರವದಿಂದ. ಅದನ್ನು ಬರಿಗೈಯಲ್ಲಿ ಎತ್ತಿ ಹಾಕಿದವರಿಗೂ ಹಸಿ ಹಾಲು ಕುಡಿದವರಿಗೂ ಬಂದು ಹೋಗುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಅಂಟಿಕೊಳ್ಳುತ್ತದೆ. ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ, ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲವು. ಹೆಣವನ್ನು ಕೊಯ್ದಾಗ ಗಾಳಿ ತಾಗಿಯೇ ಅವು ರೂಪುಗೊಳ್ಳುವುದರಿಂದ ಅಲ್ಲಿನ ಮೊದಲ ನಿಯಮ ಕತ್ತಿ ಮುಟ್ಟಿಸಬಾರದು ಎಂಬುದು. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲಾದ ಹುಚ್ಚು ಹಸು ರೋಗವಂತೂ ಗೋದಲಿಯ ಮೂಲಕವೇ ಒಳಬಂತು. ಹಸುಗಳ ಮೇವಿಗೆ ಮಾಂಸ ಮತ್ತು ಮೂಳೆಯ ಹಿಟ್ಟು ಬೆರೆಸುವುದನ್ನು ಆ ದೇಶ 1988ರಲ್ಲಿ ನಿಷೇಧಿಸಿತು.

ನಿಯಮಗಳ ಇತಿಹಾಸ ದೊಡ್ಡರೋಗದಿಂದ, ಅಂದರೆ ರಿಂಡರ್‌ಪೆಸ್ಟ್‌ನಿಂದ, ಶುರುವಾಗುತ್ತದೆ. 18ನೇ ಶತಮಾನದ ಆರಂಭದಲ್ಲಿ ಇಟಲಿಯ ದನಗಳನ್ನು ಅದು ಗುಡಿಸಿ ಹಾಕುತ್ತಿದ್ದಾಗ ಪೋಪ್ 11ನೇ ಕ್ಲೆಮೆಂಟ್‌ನ ವೈದ್ಯ ಜೊವಾನಿ ಮರಿಯಾ ಲಾನ್ಚಿಸಿ ಸೋಂಕಿತ ದನಗಳನ್ನು ಕೊಂದು ಸುಣ್ಣದೊಂದಿಗೆ ಹೂಳಬೇಕು, ದನಗಳ ಓಡಾಟ ನಿಲ್ಲಿಸಬೇಕು ಎಂದು ಸಲಹೆ ಕೊಟ್ಟ. ವೈರಾಣು ಎಂಬ ಕಲ್ಪನೆಯೇ ಹುಟ್ಟದ ಕಾಲದ ಆ ಸಲಹೆಯಲ್ಲಿ ಇಂದಿನ ಕಾನೂನುಗಳ ಬಹುಪಾಲು ಸಿಗುತ್ತದೆ. ಇನ್ನೂರು ವರ್ಷಗಳ ನಂತರ, 1920ರಲ್ಲಿ, ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳು ಬೆಲ್ಜಿಯಮ್‌ನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದಾಗ ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಯುರೋಪು ಬೆಚ್ಚಿತು. 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಸಂಸ್ಥೆಯೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ಅದೇ ಕಾಲಕ್ಕೆ, 1925ರಲ್ಲಿ, ದೊಡ್ಡರೋಗಕ್ಕೆ ಪ್ರತಿರಕ್ತಸಾರ ತಯಾರಿಸಲು ಬೆಂಗಳೂರಿನಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದರ ಮುಂದುವರಿಕೆ. ಭಾರತ 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಕೈಗೆತ್ತಿಕೊಂಡಿತು, 1995ರಲ್ಲಿ ಕೊನೆಯ ಪ್ರಕರಣ ಕಂಡಿತು. 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಲಸಿಕೆಗೆ ಸಲ್ಲುವ ಶ್ರೇಯಸ್ಸನ್ನು ಯಾರೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಹಳ್ಳಿಹಳ್ಳಿ ಹುಡುಕಿ ರೋಗವಿದ್ದಲ್ಲಿಗೇ ಓಡಾಟ ಕಟ್ಟಿಹಾಕಿದ ಕೆಲಸ ಇಲ್ಲದಿದ್ದರೆ ಲಸಿಕೆಯೊಂದೇ ಅಷ್ಟು ದೂರ ಒಯ್ಯುತ್ತಿರಲಿಲ್ಲ.

ದನದ ಮನೆಯನ್ನೇ ನೇರವಾಗಿ ಕಾನೂನಿನ ಕೆಳಗೆ ತಂದ ದೇಶಗಳಲ್ಲಿ ಜಪಾನ್‌ನ ಉದಾಹರಣೆ ಬಿಡಿಸಿ ನೋಡಲು ಯೋಗ್ಯವಾದದ್ದು. 2010ರ ಏಪ್ರಿಲ್ 20ರಂದು ಆ ದೇಶದ ದಕ್ಷಿಣದ ಮಿಯಾಜಾಕಿ ಪ್ರಾಂತದಲ್ಲಿ ಕಾಲುಬಾಯಿ ರೋಗ ದೃಢಪಟ್ಟಿತು. ಅದಕ್ಕೂ ಕೆಲವು ವಾರ ಮೊದಲು, ಮಾರ್ಚ್ ಕೊನೆಯಲ್ಲೇ, ಎಮ್ಮೆ ಸಾಕುವ ಒಂದು ಫಾರಂನಲ್ಲಿ ಸೋಂಕು ಇತ್ತೆಂಬುದು ಆಮೇಲೆ ತಿಳಿಯಿತು. ಎಮ್ಮೆಗಳಲ್ಲಿ ಕಂಡದ್ದು ಜ್ವರ ಮತ್ತು ಹಾಲಿನ ಇಳಿಕೆಯಂಥ ಸಾಧಾರಣ ಲಕ್ಷಣಗಳು. ಯಾರಿಗೂ ಅನುಮಾನ ಬರಲಿಲ್ಲ. ರೋಗ ದೃಢಪಟ್ಟ ಮೇಲೆ ಕಾನೂನಿನ ಪ್ರಕಾರ ಸೋಂಕಿತ ಫಾರಂನ ಎಲ್ಲ ದನ, ಹಂದಿಗಳನ್ನು ಕೊಂದು ಹೂಳಬೇಕಿತ್ತು. ಹೂಳಲು ನೆಲವೇ ಸಿಗಲಿಲ್ಲ. ಸರದಿಗಾಗಿ ಕಾಯುತ್ತಿದ್ದ ಪ್ರಾಣಿಗಳು ಕಾಯುವಷ್ಟು ದಿನವೂ ವೈರಾಣು ಉಗುಳುತ್ತಲೇ ಇದ್ದವು, ಅದರಲ್ಲೂ ಹಂದಿಗಳು. ಕೊನೆಗೆ ಸುತ್ತ 10 ಕಿಲೋಮೀಟರ್ ಒಳಗಿನ ಆರೋಗ್ಯವಂತ ಪ್ರಾಣಿಗಳಿಗೂ ಲಸಿಕೆ ಹಾಕಿ, ಹರಡುವಿಕೆಯ ವೇಗ ತಗ್ಗಿಸಿ, ಆಮೇಲೆ ಅವುಗಳನ್ನೂ ಕೊಲ್ಲಲಾಯಿತು. ಜುಲೈ ಹೊತ್ತಿಗೆ 292 ಫಾರಂಗಳಿಗೆ ರೋಗ ತಗುಲಿ, 2.9 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹೋಗಿದ್ದವು. ಪ್ರಾಂತದ ಹೆಮ್ಮೆಯಾಗಿದ್ದ ಆರು ತಳಿ ಹೋರಿಗಳನ್ನು ವಿಶೇಷ ಅನುಮತಿಯ ಮೇಲೆ ಬೇರೆಡೆಗೆ ಸಾಗಿಸಿದಾಗ ಅವುಗಳಲ್ಲೂ ಒಂದಕ್ಕೆ ಸೋಂಕು ಪತ್ತೆಯಾಯಿತು. ವಿನಾಯಿತಿ ಕೊಟ್ಟ ಕಡೆಯೇ ಬಲೆ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಮರುವರ್ಷ ಜಪಾನ್ 1951ರ ತನ್ನ ಪಶುರೋಗ ತಡೆ ಕಾಯ್ದೆಯನ್ನು ತಿದ್ದಿತು. ದನ ಸಾಕುವವರು ಪಾಲಿಸಲೇಬೇಕಾದ ನೈರ್ಮಲ್ಯ ಮಾನದಂಡಗಳನ್ನು ಹೊಸದಾಗಿ ಬರೆಯಿತು. ಅದರ ಒಂದೊಂದು ಕಲಮಿನ ಹಿಂದೆಯೂ ಮಿಯಾಜಾಕಿಯ ಒಂದೊಂದು ನಷ್ಟವಿದೆ. ಫಾರಂನೊಳಗೆ ಸ್ವಚ್ಛ ವಲಯವೊಂದನ್ನು ಗುರುತಿಸಿ, ಅದರ ಬಾಯಲ್ಲಿ ಮನುಷ್ಯರ ಕಾಲಿಗೂ ವಾಹನದ ಚಕ್ರಕ್ಕೂ ಸೋಂಕುನಿವಾರಕ ಇಡಬೇಕು. ಬಂದವರ ಹೆಸರು, ದಿನಾಂಕ ಬರೆದಿಟ್ಟು ಆ ಪುಸ್ತಕವನ್ನು ವರ್ಷವಾದರೂ ಕಾಪಾಡಬೇಕು. ಹೊರದೇಶದಿಂದ ಮರಳಿದವರು ಒಂದು ವಾರದೊಳಗೆ ಅತ್ತ ಸುಳಿಯಬಾರದು. ಎಷ್ಟು ದನಗಳಿವೆ, ಮಾನದಂಡ ಹೇಗೆ ಪಾಲನೆಯಾಗುತ್ತಿದೆ ಎಂದು ಪ್ರತಿ ವರ್ಷ ಪ್ರಾಂತದ ಆಡಳಿತಕ್ಕೆ ವರದಿ ಕೊಡಬೇಕು. ಎಲ್ಲಕ್ಕಿಂತ ಗಟ್ಟಿಯಾದದ್ದು, ರೋಗ ಬಂದರೆ ಹೂಳಲು ಜಾಗ ಎಲ್ಲಿದೆ ಎಂಬುದನ್ನು ರೋಗ ಬರುವ ಮೊದಲೇ ಗೊತ್ತುಮಾಡಿಕೊಂಡಿರಬೇಕು ಎಂಬ ನಿಯಮ. ಕೊಂದ ದನಕ್ಕೆ ಸರ್ಕಾರ ಪೂರ್ತಿ ಬೆಲೆ ಕೊಡುತ್ತದೆ, ಆದರೆ ಮಾನದಂಡ ಮುರಿದವರಿಗೆ ಅಥವಾ ರೋಗ ಮುಚ್ಚಿಟ್ಟವರಿಗೆ ಆ ಹಣ ತಡೆಯಬಹುದು.

ಬ್ರಿಟನ್ ಕಲಿತ ಪಾಠ ಸ್ವಲ್ಪ ಬೇರೆ. 2001ರ ಫೆಬ್ರುವರಿ 20ರಂದು ಎಸೆಕ್ಸ್‌ನ ಕಸಾಯಿಖಾನೆಯೊಂದರ ಹಂದಿಗಳಲ್ಲಿ ಕಾಲುಬಾಯಿ ರೋಗ ದೃಢವಾಯಿತು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ದೂರದ ಉತ್ತರದ, ಎಂಜಲು ಆಹಾರ ತಿನ್ನಿಸುತ್ತಿದ್ದ ಒಂದು ಹಂದಿ ಫಾರಂ. ಅಲ್ಲಿಂದ ಗಾಳಿಯಲ್ಲಿ ಪಕ್ಕದ ಕುರಿಗಳಿಗೆ ದಾಟಿದ ವೈರಾಣು ಹೆಕ್ಸಮ್ ಸಂತೆ, ಲಾಂಗ್‌ಟೌನ್ ಸಂತೆಗಳ ಮೂಲಕ ದೇಶವಿಡೀ ಹಬ್ಬಿತ್ತು. ಸಾಗಣೆ ನಿಷೇಧ ಬಂದದ್ದು 23ರಂದು. ವ್ಯಾಪಾರಿಗಳು ಒಂದು ಸಂತೆಯಲ್ಲಿ ಕೊಂಡ ಕುರಿಯನ್ನು ಒಂದೆರಡು ದಿನದಲ್ಲೇ ಇನ್ನೊಂದು ಸಂತೆಯಲ್ಲಿ ಮಾರುತ್ತಿದ್ದರಿಂದ ಆಗಲೇ ತಡವಾಗಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಹೊಸ ದನ ಅಥವಾ ಕುರಿ ಬಂದ ಮೇಲೆ ಆ ಫಾರಂನಿಂದ ಯಾವ ಪ್ರಾಣಿಯೂ ಕೆಲವು ದಿನ ಹೊರಹೋಗಬಾರದೆಂಬ ನಿಯಮ ಆಗ ಹುಟ್ಟಿತು. ಮೊದಲು 20 ದಿನವಿದ್ದ ಅವಧಿ 2003ರಿಂದ ದನ, ಕುರಿಗಳಿಗೆ 6 ದಿನಕ್ಕೆ ಇಳಿಯಿತು.

ಭಾರತದ ಕಾನೂನನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಸಂವಿಧಾನದ ಪ್ರಕಾರ ಪಶುರೋಗ ತಡೆ ರಾಜ್ಯಗಳ ವಿಷಯ. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ನೋಡಿಕೊಳ್ಳುವುದು ಮಾತ್ರ ಸಮವರ್ತಿ ಪಟ್ಟಿಯಲ್ಲಿದೆ. ಸಂಸತ್ತು 2009ರಲ್ಲಿ ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಕಾಯ್ದೆಯನ್ನು ತಂದದ್ದು ಈ ಎಳೆಯನ್ನು ಹಿಡಿದು. ಅನುಬಂಧದಲ್ಲಿ ಹೆಸರಿಸಿದ ರೋಗವೊಂದರ ಅನುಮಾನ ಬಂದ ಕೂಡಲೇ ಮಾಲೀಕರು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು, ಅಂಥ ದನವನ್ನು ಬೇರೆ ಕಟ್ಟಬೇಕು, ಉಳಿದ ದನಗಳ ನೀರು ಮೇವಿನ ಜಾಗಕ್ಕೆ ಬಿಡಬಾರದು. ರಾಜ್ಯ ಸರ್ಕಾರ ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಸಾರಿದರೆ ಅಲ್ಲಿ ಲಸಿಕೆ ಕಡ್ಡಾಯ. ದನ ಹೊರಗೆ ಹೋಗುವಂತಿಲ್ಲ, ಸಂತೆ ಜಾತ್ರೆ ನಡೆಯುವಂತಿಲ್ಲ. ಲಸಿಕೆ ಪ್ರಮಾಣಪತ್ರ, ತಪಾಸಣಾ ಠಾಣೆ, ಪ್ರತ್ಯೇಕವಾಸದ ಶಿಬಿರ, ದನ ಸಾಗಿಸಿದ ವಾಹನವನ್ನು ತೊಳೆದು ಸೋಂಕು ನಿವಾರಿಸುವ ಹೊಣೆ ಎಲ್ಲವೂ ಕಾಯ್ದೆಯಲ್ಲಿವೆ. ಇನ್ನು ಶಿಕ್ಷೆ: ಸಾಮಾನ್ಯ ಉಲ್ಲಂಘನೆಗೆ ಮೊದಲ ಬಾರಿ ಗರಿಷ್ಠ ₹1,000 ದಂಡ. ಹತ್ತಾರು ಸಾವಿರ ಬೆಲೆಬಾಳುವ ಮಿಶ್ರತಳಿಯ ಹಸು ಕುಂಟಲು ಶುರುಮಾಡಿದಾಗ ಅದನ್ನು ಸಂತೆಗೆ ಸಾಗಿಸಿಬಿಡುವ ಆಸೆಯನ್ನು ಈ ದಂಡ ತಡೆಯುತ್ತದೆಂದು ನಂಬುವುದು ಕಷ್ಟ.

ಆದರೆ ದಂಡಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಜಪಾನ್‌ನ ನಿಯಮಕ್ಕೆ ಒಂದು ಬೇಲಿ, ಒಂದು ಗೇಟು, ಒಬ್ಬ ಮಾಲೀಕ ಬೇಕು. ಭಾರತದಲ್ಲಿ 2019ರ ಜಾನುವಾರು ಗಣತಿಯಂತೆ 19 ಕೋಟಿಗೂ ಹೆಚ್ಚು ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇವೆ. ಅವುಗಳಲ್ಲಿ ಬಹುಪಾಲು ಒಂದು, ಎರಡು, ಮೂರರಂತೆ ಮನೆಗಳಿಗೆ ಅಂಟಿಕೊಂಡ ಕೊಟ್ಟಿಗೆಗಳಲ್ಲಿವೆ. ಹಗಲು ಅವು ಗೋಮಾಳದಲ್ಲಿ ಒಟ್ಟಿಗೆ ಮೇಯುತ್ತವೆ, ಒಂದೇ ಕೆರೆಯಲ್ಲಿ ನೀರು ಕುಡಿಯುತ್ತವೆ. ದಿನಕ್ಕೆರಡು ಸಲ ಊರಿನವರೆಲ್ಲ ಹಾಲಿನ ಡೇರಿಯ ಮುಂದೆ ಸಾಲುಗಟ್ಟುತ್ತಾರೆ. ಕೃತಕ ಗರ್ಭಧಾರಣೆ ಮಾಡುವವರು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಅದೇ ಬೂಟಿನಲ್ಲಿ ನಡೆಯುತ್ತಾರೆ. ರೋಗದ ಲೆಕ್ಕದಲ್ಲಿ ಇಲ್ಲಿ ಊರೇ ಒಂದು ಫಾರಂ, ಮನೆಗಳೆಲ್ಲ ಅದರ ಕೋಣೆಗಳು. ಆದ್ದರಿಂದ ಒಂಟಿ ಕೊಟ್ಟಿಗೆಗೆ ಎಷ್ಟೇ ಕಟ್ಟುನಿಟ್ಟು ಮಾಡಿದರೂ ಊರಿನ ಬಾಯಿ ತೆರೆದಿದ್ದರೆ ಪ್ರಯೋಜನ ಅಲ್ಪ. ಭಾರತದ ನಿಯಮಗಳು ನಿಜವಾಗಿ ಕೆಲಸ ಮಾಡಬಲ್ಲ ತಾಣಗಳು ದನಗಳು ಕೈ ಬದಲಾಯಿಸುವ ಮತ್ತು ಗುಂಪುಗೂಡುವ ಕಡೆಗಳಲ್ಲಿವೆ.

ಹಾಗೆಂದು ಕೊಟ್ಟಿಗೆಯನ್ನು ಬಿಟ್ಟುಬಿಡುವಂತಿಲ್ಲ. ಒಂದು ಹಸುವಿಗೆ ಸೂರಿನ ಕೆಳಗೆ ಸುಮಾರು 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್ ಜಾಗ ಬೇಕೆಂಬುದು ದೇಶದಲ್ಲಿ ಒಪ್ಪಿತವಾದ ಅಳತೆ. ನೆಲ ಜಾರದಂತಿರಬೇಕು, ಗಂಜಲ ನಿಲ್ಲದೆ ಹರಿಯುವಷ್ಟು ಇಳಿಜಾರು ಇರಬೇಕು. ಬೆಳೆದ ದನವೊಂದು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಹತ್ತಿಪ್ಪತ್ತು ದನಗಳಿರುವ ನಗರದ ಹಾಲಿನ ಕೊಟ್ಟಿಗೆ ಅದನ್ನು ಚರಂಡಿಗೆ ತೊಳೆದುಬಿಟ್ಟರೆ ಸೊಳ್ಳೆಗಳಿಗೂ ನೊಣಗಳಿಗೂ ಸುಗ್ಗಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೇರಿ ಫಾರಂಗಳಿಗೂ ಗೋಶಾಲೆಗಳಿಗೂ ಮಾರ್ಗಸೂಚಿ ಹೊರಡಿಸಿ, ವಸತಿಯಿಂದ, ಆಸ್ಪತ್ರೆ ಶಾಲೆಗಳಿಂದ, ನೀರಿನ ನೆಲೆಗಳಿಂದ ಅವು ದೂರವಿರಬೇಕೆಂದೂ ಸಗಣಿ ಗಂಜಲಗಳ ವಿಲೇವಾರಿಗೆ ವ್ಯವಸ್ಥೆ ಇರಬೇಕೆಂದೂ ಹೇಳಿತು. ಅದರ ಉದ್ದೇಶ ಹೊಳೆ ಕೆರೆಗಳನ್ನು ಕಾಯುವುದು. ಆದರೂ ಪಾಲನೆಯಾದಲ್ಲಿ ರೋಗಕ್ಕೂ ಅಷ್ಟೇ ತಡೆ. ಸೋಂಕುನಿವಾರಣೆಗೆ ದುಬಾರಿ ಔಷಧವೇ ಬೇಕೆಂದೇನಿಲ್ಲ. ಕಾಲುಬಾಯಿ ರೋಗದ ವೈರಾಣು ಹುಳಿಯನ್ನೂ ಕ್ಷಾರವನ್ನೂ ತಾಳಲಾರದು; ನೂರು ಪಾಲು ನೀರಿಗೆ ನಾಲ್ಕು ಪಾಲು ವಾಷಿಂಗ್ ಸೋಡಾ ಹಾಕಿದ ದ್ರಾವಣದಲ್ಲಿ ಅದು ಸಾಯುತ್ತದೆ. ನೆಲದ ಸಗಣಿಯನ್ನು ಮೊದಲು ಕೆರೆದು ತೆಗೆಯಬೇಕು ಅಷ್ಟೆ, ಕೊಳೆಯ ಮೇಲೆ ಸುರಿದ ದ್ರಾವಣ ಕೊಳೆಗೇ ಖರ್ಚಾಗಿ ಹೋಗುತ್ತದೆ. ಹೊಸದಾಗಿ ತಂದ ದನವನ್ನು ಮೂರು ನಾಲ್ಕು ವಾರ ಬೇರೆ ಕಟ್ಟಿ, ಮೇವು ನೀರು ಬಕೆಟ್ಟುಗಳನ್ನೂ ಬೇರೆ ಇಟ್ಟು, ಹಾಲನ್ನು ಕೊನೆಗೆ ಕರೆಯುವ ಪದ್ಧತಿ ಖರ್ಚಿಲ್ಲದ್ದು. ಆದರೂ ಹೆಚ್ಚು ಮುರಿದುಬೀಳುವುದು ಅದೇ, ಏಕೆಂದರೆ ಎರಡನೆಯ ಕೊಟ್ಟಿಗೆ ಬಹಳ ಮನೆಗಳಲ್ಲಿಲ್ಲ.

ಕರ್ನಾಟಕದಲ್ಲಿ ದನದ ಜಾತ್ರೆಗಳ ಕಾಲ ಸುಗ್ಗಿಯ ಆಚೀಚೆ, ಡಿಸೆಂಬರ್‌ನಿಂದ ಬೇಸಿಗೆಯ ಬಾಗಿಲವರೆಗೆ. ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಮುಡುಕುತೊರೆ, ಸಿದ್ಧಗಂಗೆಗಳಲ್ಲಿ ಹಳ್ಳಿಕಾರ್ ಎತ್ತುಗಳು ಸಾಲುಗಟ್ಟಿ ನಿಲ್ಲುತ್ತವೆ. ಉತ್ತರ ಕರ್ನಾಟಕದಿಂದಲೂ ನೆರೆರಾಜ್ಯಗಳಿಂದಲೂ ಕೊಳ್ಳುವವರು ಬರುತ್ತಾರೆ. ನೂರಾರು ಊರಿನ ದನಗಳು ದಿನಗಟ್ಟಲೆ ಒತ್ತಾಗಿ ನಿಂತು, ಆಮೇಲೆ ಬೇರೆ ಬೇರೆ ಜಿಲ್ಲೆಗಳಿಗೆ ಚದುರಿಹೋಗುವ ಇಂಥ ಕೂಟಕ್ಕಿಂತ ವೈರಾಣುವಿಗೆ ಒಳ್ಳೆಯ ಅವಕಾಶ ಸಿಗದು. 2022ರ ಚಳಿಗಾಲದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಘಾಟಿಯ ದನದ ಜಾತ್ರೆಯನ್ನೂ ನಿಷೇಧಿಸಲಾಯಿತು. ಭಾರತಕ್ಕೆ ಈ ರೋಗ 2019ರಲ್ಲಿ ಒಡಿಶಾದಲ್ಲಿ ಕಾಲಿಟ್ಟು, 2022ರಲ್ಲಿ ಗುಜರಾತ್, ರಾಜಸ್ಥಾನಗಳಿಂದ ಎದ್ದು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದನಗಳನ್ನು ತೆಗೆದುಕೊಂಡಿತ್ತು. ಜಾತ್ರೆ ನಿಲ್ಲಿಸುವುದು ಸುಲಭದ ಆದೇಶವಲ್ಲ. ಎತ್ತು ಮಾರಿ ಸಾಲ ತೀರಿಸುವವರ, ಮದುವೆಗೆ ಹಣ ಹೊಂದಿಸುವವರ ವರ್ಷದ ಲೆಕ್ಕ ಅಲ್ಲಿರುತ್ತದೆ. ಪೂರ್ತಿ ನಿಷೇಧದ ಬದಲು, ರೋಗವಿಲ್ಲದ ವರ್ಷಗಳಲ್ಲೂ, ಲಸಿಕೆ ಹಾಕಿಸಿ ಕನಿಷ್ಠ ಮೂರು ವಾರವಾದ ದನಗಳಿಗೆ ಮಾತ್ರ ಜಾತ್ರೆಯ ಬಾಗಿಲು ತೆರೆಯುವ ರೂಢಿ ಗಟ್ಟಿಯಾದರೆ ಅಂಥ ಆದೇಶಗಳ ಅಗತ್ಯವೇ ಕಡಿಮೆಯಾದೀತು.

ಹಾಗೆ ಮಾಡಲು ದನದ ಗುರುತು ಬೇಕು. ಹಸುವಿನ ಕಿವಿಯಲ್ಲಿ ಕಾಣುವ ಹಳದಿ ಓಲೆಯ 12 ಅಂಕಿಗಳು ಆ ಗುರುತು. ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಆರಂಭವಾದಾಗ ಓಲೆಯನ್ನೂ ಲಸಿಕೆಯನ್ನೂ ಒಂದೇ ದಾರಕ್ಕೆ ಪೋಣಿಸಲಾಯಿತು. ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬದುಕಿಗೊಮ್ಮೆ ಕಂದು ರೋಗದ ಲಸಿಕೆ, ಹಾಕಿದ್ದೆಲ್ಲ ಗಣಕದಲ್ಲಿ ದಾಖಲು. ಲಸಿಕೆಯಲ್ಲಿ ಭಾರತದಲ್ಲಿ ಚಾಲ್ತಿಯಲ್ಲಿರುವ ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಾಣುಗಳಿರುತ್ತವೆ. ಒಂದಕ್ಕೆ ಬಂದ ಪ್ರತಿರೋಧ ಇನ್ನೊಂದನ್ನು ತಡೆಯದು. ಶೀತಲ ಸರಪಳಿ ಎಲ್ಲೋ ಒಂದೆಡೆ ಕಡಿದರೆ, ಸುತ್ತು ತಪ್ಪಿದರೆ, ಮಳೆಗಾಲದ ನಂತರ ಅದರ ಫಲ ಕಾಣುತ್ತದೆ. 2013ರಲ್ಲಿ ದಕ್ಷಿಣ ಕರ್ನಾಟಕದ ಹಾಲಿನ ಜಿಲ್ಲೆಗಳಲ್ಲಿ ಕಾಲುಬಾಯಿ ರೋಗಕ್ಕೆ ಸಾವಿರಾರು ದನಗಳು ಸತ್ತದ್ದು ಹೈನುಗಾರರು ಇನ್ನೂ ಮರೆಯದ ಸಂಗತಿ. ಸಾಮಾನ್ಯವಾಗಿ ದೊಡ್ಡ ದನವನ್ನು ಕೊಲ್ಲದ ರೋಗವಿದು. ಮಿಶ್ರತಳಿಯ ಹಸುಗಳಿಗೆ ಎಷ್ಟು ಕ್ರೂರವಾಗಬಲ್ಲುದೆಂಬುದು ಆಗ ತಿಳಿಯಿತು. ಓಲೆಯ ವ್ಯವಸ್ಥೆಗೆ ಇನ್ನೂ ಒಂದು ತೂತಿದೆ. ಹಾಕಿದ ಲಸಿಕೆ ದಾಖಲಾಗುತ್ತದೆ, ಮಾರಿದ ದನದ ಹೊಸ ಮಾಲೀಕರ ಹೆಸರು ದಾಖಲಾಗುವುದು ಅಪರೂಪ. ಸೋಂಕಿನ ಜಾಡು ಹಿಡಿಯಲು ಬೇಕಾದದ್ದು ಎರಡನೆಯದೇ.

ಕಂದು ರೋಗ ಇನ್ನೊಂದು ಇಕ್ಕಟ್ಟನ್ನು ಮುಂದಿಡುತ್ತದೆ. ರಕ್ತಪರೀಕ್ಷೆಯಲ್ಲಿ ಸೋಂಕು ಪತ್ತೆಯಾದ ಹಸುವಿಗೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ರೋಗವನ್ನು ಗೆದ್ದ ದೇಶಗಳು ಅಂಥ ಹಸುಗಳನ್ನು ತೆಗೆದುಹಾಕಿದವು. ಭಾರತದಲ್ಲಿ ಧರ್ಮಭಾವನೆಯೂ ರಾಜ್ಯಗಳ ಗೋಹತ್ಯೆ ತಡೆ ಕಾನೂನುಗಳೂ ಇರುವುದರಿಂದ 2009ರ ಕಾಯ್ದೆ ದಯಾಮರಣಕ್ಕೆ ಅವಕಾಶ ಕೊಟ್ಟಿದ್ದರೂ ಅದು ದಾರಿಯಾಗಿಲ್ಲ. ಕಂದು ಹಾಕಿದ ಹಸುವನ್ನು ಮಾಲೀಕರು ಸದ್ದಿಲ್ಲದೆ ಮಾರುತ್ತಾರೆ, ಇಲ್ಲವೇ ಗೋಶಾಲೆಗೆ ಬಿಡುತ್ತಾರೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ದನಗಳನ್ನು ದಿನವೂ ಒಳಗೆ ಸೇರಿಸಿಕೊಳ್ಳುವ ಗೋಶಾಲೆ, ಕಾಳಜಿಯ ತಾಣವಾಗಿರುವಷ್ಟೇ ಸೋಂಕಿನ ಕೂಡುದಾಣವೂ ಆಗುತ್ತದೆ. ಬರುವ ಪ್ರತಿ ದನಕ್ಕೂ ಪರೀಕ್ಷೆ, ಸೋಂಕಿತ ಹಸುಗಳಿಗೆ ಹೋರಿಯ ಸಂಪರ್ಕವಿಲ್ಲದ ಬೇರೆ ಅಂಕಣ, ಕೆಲಸದವರಿಗೆ ಕೈಗವಸು, ಹಾಲು ಕಾಯಿಸದೆ ಹೊರಗೆ ಹೋಗದಂಥ ಕಟ್ಟುಪಾಡು ಇಲ್ಲಿ ಬೇಕಾದ ಕನಿಷ್ಠ ನಿಯಮಗಳು. ದೇಶದ ಪರಿಸ್ಥಿತಿಗೆ ಲಸಿಕೆಯೂ ಇಂಥ ಪ್ರತ್ಯೇಕ ಕೊಟ್ಟಿಗೆಯೂ ಬಿಟ್ಟು ಮೂರನೆಯ ದಾರಿ ಸದ್ಯಕ್ಕೆ ಕಾಣುವುದಿಲ್ಲ.

ನಿಯಮಗಳೆಲ್ಲ ಕೊನೆಗೆ ನಿಲ್ಲುವುದು ಮೊದಲ ಸುದ್ದಿಯ ಮೇಲೆ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಆದರೆ ಸುದ್ದಿ ಕೊಟ್ಟ ಮನೆಯ ಹಾಲನ್ನು ಡೇರಿ ನಿಲ್ಲಿಸಬಹುದು, ಊರಿಗೆ ವ್ಯಾಪಾರಿಗಳು ಬಾರದಿರಬಹುದು. ಆ ನಷ್ಟಕ್ಕೆ ಪರಿಹಾರವಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಲಾಭ. ಚರ್ಮಗಂಟು ರೋಗದಲ್ಲಿ ಕರ್ನಾಟಕ ಸರ್ಕಾರ ಸತ್ತ ಹಸುವಿಗೆ ₹20,000, ಎತ್ತಿಗೆ ₹30,000, ಕರುವಿಗೆ ₹5,000 ಪರಿಹಾರ ಘೋಷಿಸಿತು. ಇದು ಸಾವಿಗೆ ಕೊಟ್ಟ ಹಣ, ಬೇಗ ತಿಳಿಸಿದ್ದಕ್ಕೆ ಕೊಟ್ಟದ್ದಲ್ಲ. ಮಿಯಾಜಾಕಿಯ ನಂತರದ ಜಪಾನ್ ಪರಿಹಾರವನ್ನು ಮಾಲೀಕರ ನಡವಳಿಕೆಗೆ ಬೆಸೆದದ್ದು ಈ ವ್ಯತ್ಯಾಸವನ್ನು ಅರಿತೇ.

ದನ ಸತ್ತ ಮೇಲೂ ನಿಯಮ ಮುಗಿಯುವುದಿಲ್ಲ. ನೀರಿನ ನೆಲೆಯಿಂದ ದೂರದಲ್ಲಿ ಆರಡಿಗೂ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ತಿಂದುಳಿದ ಮೇವು, ಹಾಸಿದ ಹುಲ್ಲನ್ನು ಸುಡಬೇಕು. ಹೆಣವನ್ನು ಹೊಳೆಗೆ, ಕೆರೆಗೆ ಎಸೆಯುವುದನ್ನು 2009ರ ಕಾಯ್ದೆ ಬೇರೆಯೇ ಅಪರಾಧವೆಂದು ಎಣಿಸಿ ಹೆಚ್ಚಿನ ದಂಡ ವಿಧಿಸಿದೆ. ಆಮೇಲೆ ಕೊಟ್ಟಿಗೆ ತೊಳೆದು, ಖಾಲಿ ಬಿಟ್ಟು, ಸುತ್ತಲಿನ ಊರುಗಳಲ್ಲಿ ಹೊಸ ಪ್ರಕರಣವಿಲ್ಲವೆಂದು ಪಶುವೈದ್ಯರು ಖಚಿತಪಡಿಸಿದ ಮೇಲೆಯೇ ನಿಯಂತ್ರಿತ ಪ್ರದೇಶದ ಆದೇಶ ಹಿಂದಕ್ಕೆ ಹೋಗುತ್ತದೆ, ಸಂತೆ ಮತ್ತೆ ತೆರೆಯುತ್ತದೆ. ಇದರ ಮುಂದಿನ ಮೆಟ್ಟಿಲು ರೋಗಮುಕ್ತ ವಲಯ. ಕಾಲುಬಾಯಿ ರೋಗವಿಲ್ಲದ ವಲಯಗಳನ್ನಾಗಿ ರೂಪಿಸಲು ಕೇಂದ್ರ ಸರ್ಕಾರ ಗುರುತಿಸಿರುವ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಆ ಮನ್ನಣೆ ಕೊಡುವುದು ಲಸಿಕೆಯ ಅಂಕಿಯನ್ನಷ್ಟೇ ನೋಡಿ ಅಲ್ಲ. ನಿಗದಿತ ಅವಧಿಯಲ್ಲಿ ರೋಗ ಕಂಡಿಲ್ಲವೆಂಬುದಕ್ಕೂ ವೈರಾಣು ಒಳಗೊಳಗೇ ಸುತ್ತುತ್ತಿಲ್ಲವೆಂಬುದಕ್ಕೂ ರಕ್ತಪರೀಕ್ಷೆಯ ಆಧಾರ ಬೇಕು, ವಲಯದೊಳಕ್ಕೆ ಬರುವ ದನಗಳ ಮೇಲೆ ಹಿಡಿತವಿರುವುದಕ್ಕೆ ದಾಖಲೆ ಬೇಕು. ಆಂಧ್ರ, ತೆಲಂಗಾಣ, ತಮಿಳುನಾಡು, ಮಹಾರಾಷ್ಟ್ರಗಳೊಂದಿಗೆ ಉದ್ದಕ್ಕೂ ತೆರೆದ ಗಡಿಯಿರುವ, ದನಗಳು ರಾತ್ರಿ ಲಾರಿಗಳಲ್ಲಿ ಸಾಗುವ ರಾಜ್ಯಕ್ಕೆ ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಕಠಿಣವಾದದ್ದು.